ಹಳದಿ ಸುತ್ತು

ಪಿಕಪ್ ಗಾಡಿಯ ಹಿಂದಿನ ತೊಟ್ಟಿಗೆ ತುಕ್ಕು ಹಿಡಿಯದಂತೆ ಕಾಪಾಡಲು ಮೂರು ದಾರಿಗಳಿವೆ. ರೋಲರಿನಲ್ಲಿ ಬಣ್ಣ ಬಳಿಸಿದರೆ ಎರಡು ದಿನದ ಸಂಪಾದನೆ ಹೋಗುತ್ತದೆ. ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಹಾಸು ತಂದು ಕೂರಿಸಿದರೆ ಐದು ದಿನದ್ದು. ಎರಡು ದ್ರವಗಳನ್ನು ಬಿಸಿ ಮಾಡಿ, ಸ್ಪ್ರೇ ಗನ್ನಿನ ಬಾಯಲ್ಲಿ ಬೆರೆಸಿ ಸಿಡಿಸಿದರೆ ಹದಿನೈದು ದಿನದ್ದು. ಐಸಮ್ಮ ಹದಿನೈದು ದಿನದ್ದನ್ನೇ ಆರಿಸಿಕೊಂಡಿದ್ದರು.

ಅದನ್ನು ಕೊಯ್ದ ಚಾಕುವಿಗೆ ಎರಡು ಟೀಯಷ್ಟೂ ಬೆಲೆ ಇರಲಿಲ್ಲ.

ಮೊದಲು ನೋಡಿದ್ದು ತಮ್ಮ. ಬೆಳಗಿನ ಏಳೂ ಮುಕ್ಕಾಲು. ಶಟರ್ ಎತ್ತಿ ಒಳಗೆ ಕಾಲಿಟ್ಟವನು ಅಲ್ಲಿಂದಲೇ ಕೂಗಿದ.

"ಅಕ್ಕಾ! ಬೇಗ ಬಾ! ಯಾರೋ ಕೊಯ್ದು ಹಾಕಿದ್ದಾರೆ!"

ಅಕ್ಕ ಕೈಚೀಲವನ್ನು ಟೇಬಲಿನ ಮೇಲೆ ಎಸೆದು ಓಡಿದಳು. ಶೆಡ್ಡಿನ ನಡುವೆ ಬಿಳಿ ಪಿಕಪ್ ನಿಂತಿತ್ತು. ನಿನ್ನೆ ಸಂಜೆ ಆರಕ್ಕೆ ತಮ್ಮ ಸಿಡಿಸಿದ ಕಪ್ಪು ಲೇಪನ ತೊಟ್ಟಿಯ ತುಂಬಾ ಮರಳುಕಾಗದದಂತೆ ಒರಟಾಗಿ ಮಿನುಗುತ್ತಿತ್ತು. ಎಡಗಡೆ, ಚಕ್ರದ ಉಬ್ಬಿನ ಪಕ್ಕ ಮಾತ್ರ ಅಂಗೈ ಅಗಲದ ಒಂದು ಚೌಕ ಮಾಯವಾಗಿತ್ತು. ಲೇಪನಕ್ಕೂ ಮುಂಚೆ ಹೊಡೆದಿದ್ದ ಬೂದು ಪ್ರೈಮರ್ ಬೋಳು ತಲೆಯ ಹಾಗೆ ಕಾಣುತ್ತಿತ್ತು. ಕೊಯ್ದ ತುಂಡು ಎಲ್ಲೂ ಇರಲಿಲ್ಲ.

"ಬೀಗ?"

"ಮುರಿದಿಲ್ಲ."

ಆ ಬೀಗಕ್ಕೆ ಮೂರು ಕೀಲಿಗಳಿದ್ದವು. ಒಂದು ಅಕ್ಕನದು. ಇನ್ನೊಂದು ತಮ್ಮನದು. ಮೂರನೆಯದು ಪೇಪರ್ ಮಾವನದು.

ಪೇಪರ್ ಮಾವ ಸಂಬಂಧದಲ್ಲಿ ಮಾವ ಅಲ್ಲ. ಮೂವತ್ತು ವರ್ಷದಿಂದ ಈ ಶೆಡ್ಡಿನಲ್ಲಿ ಮರಳುಕಾಗದ ಹಿಡಿದು ತೊಟ್ಟಿಗಳನ್ನು ಉಜ್ಜುತ್ತಿರುವವರು. ತೀರಿಹೋದ ಅಪ್ಪನ ಜೊತೆ ಶುರು ಮಾಡಿದವರು. ಅಕ್ಕ ಲಂಗ ಹಾಕುತ್ತಿದ್ದ ಕಾಲದಲ್ಲಿ ಅವಳನ್ನು ಪುಟ್ಟಿ ಎಂದು ಕರೆದವರು, ಅವಳಿಗೆ ನಲವತ್ತೈದಾದರೂ ಹೆಸರು ಬದಲಿಸಿರಲಿಲ್ಲ.

"ಮಾವ ಎಲ್ಲಿ?"

"ಇನ್ನೂ ಬಂದಿಲ್ಲ" ಎಂದ ತಮ್ಮ. "ದಿನಾ ಏಳೂವರೆಗೆ ಇರೋರು."

ಅಕ್ಕನ ಹುಬ್ಬು ಗಂಟಾಯಿತು.

* * *

ಐಸಮ್ಮನಿಗೆ ಕೊಟ್ಟ ಮಾತು ಮಧ್ಯಾಹ್ನ ಹನ್ನೆರಡಕ್ಕೆ. ಅವರು ಎಂಟೂವರೆಗೇ ಬಂದರು. ಹೊಸ ಬಟ್ಟೆ ಹೊಲಿಯಲು ಕೊಟ್ಟವರಿಗೆ ದರ್ಜಿಯ ಬಾಗಿಲಲ್ಲಿ ಇರುವ ಆತುರ ಅದು. ಮೀನಿನಂಗಡಿಗಳಿಗೆ ಐಸ್ ಗಡ್ಡೆ ಸಾಗಿಸುವುದು ಅವರ ಕಸುಬು. ಮೊನ್ನೆ ಮೊನ್ನೆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡಿದ್ದರು. ಗಡ್ಡೆಯನ್ನು ಕಬ್ಬಿಣದ ಕೊಕ್ಕೆಯಲ್ಲಿ ಎಳೆದರೆ ಬಳಿದ ಬಣ್ಣ ವಾರಕ್ಕೆ ಕಿತ್ತು ಬರುತ್ತದೆ. ಕರಗಿದ ಉಪ್ಪುನೀರು ಪ್ಲಾಸ್ಟಿಕ್ ಹಾಸಿನ ಅಡಿಗೆ ಇಳಿದರೆ ಅಲ್ಲೇ ಸಂಸಾರ ಹೂಡುತ್ತದೆ. ಹಾಗಾಗಿ ಸ್ಪ್ರೇ.

"ಹಾಸು ಹಾಕಿಸಿದ್ರೆ ಹೊರಗೆ ಥಳುಕು ಒಳಗೆ ಹುಳುಕು ಅಮ್ಮ" ಎಂದು ತಮ್ಮ ಮೊನ್ನೆ ಅವರಿಗೆ ಬುದ್ಧಿ ಹೇಳಿದ್ದ. ಎದುರು ಅಂಗಡಿಯ ಪ್ಲಾಸ್ಟಿಕ್ ಅಣ್ಣನಿಗೆ ಕೇಳಲಿ ಎಂದೇ ಜೋರಾಗಿ ಹೇಳಿದ್ದ. ಹಾಸು ಮಾರುವವನು ಅವನೇ.

ಈಗ ಐಸಮ್ಮ ಚೌಕದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಇದೇನಿದು? ಕಿಟಕಿ ಇಡ್ತಿದ್ದೀರಾ?"

ಅಕ್ಕ ಮುಂದೆ ಬಂದಳು. "ಯಾರೋ ಬೇಕಂತಲೇ ಮಾಡಿದ್ದಾರೆ ಅಮ್ಮ. ಕಂಡುಹಿಡೀತೀನಿ."

ಗಲಾಟೆ ಕೇಳಿ ಪ್ಲಾಸ್ಟಿಕ್ ಅಣ್ಣ ರಸ್ತೆ ದಾಟಿ ಬಂದ. ಮುಖದಲ್ಲಿ ಅನುಕಂಪ ಇತ್ತು, ಮೀಸೆಯಡಿ ನಗು ಇತ್ತು.

ತಮ್ಮ ಅವನ ಮೇಲೆ ಹಾರಿದ. "ನಿನ್ನದೇ ಕೆಲಸ! ನಿನ್ನ ಕೈಲಿ ಹಾಸು ಕತ್ತರಿಸೋ ಚಾಕು ಯಾವಾಗ್ಲೂ ಇರುತ್ತೆ!"

"ಲೋ ತಮ್ಮಾ, ನನ್ನ ಚಾಕು ಕೊಕ್ಕಿನ ಹಾಗೆ ಬಗ್ಗಿದೆ. ಅದ್ರಲ್ಲಿ ಕೊಯ್ದ್ರೆ ಅಂಚು ಇಲಿ ಕಡಿದ ಹಾಗಿರುತ್ತೆ. ನೋಡು, ಇದು ಸ್ಕೇಲ್ ಇಟ್ಟು ಎಳೆದ ಗೆರೆ." ಅವನು ಬಗ್ಗಿ ನೋಡಿದ. "ಅಲ್ಲದೆ ನನಗೆ ನಿಮ್ಮ ಕೀಲಿ ಯಾರು ಕೊಟ್ರು?"

ಮಾತು ಸರಿಯಾಗಿತ್ತು. ಅಕ್ಕ ತಲೆದೂಗಿದಳು.

"ಕೀಲಿ ಇರೋರನ್ನ ಕೇಳಿ" ಎಂದು ಅವನು ದನಿ ಇಳಿಸಿದ. "ಆರೂವರೆಗೆ ನಾನು ಅಂಗಡಿ ಗುಡಿಸ್ತಿದ್ದೆ. ನಿಮ್ಮ ಪೇಪರ್ ಮಾವ ಇಲ್ಲಿಂದ ಹೊರಗೆ ಬಂದ್ರು. ಸೈಕಲ್ ಹತ್ತಿ ಹೋದ್ರು. ನಮಸ್ಕಾರ ಅಂದೆ. ತಿರುಗಿ ಕೂಡ ನೋಡ್ಲಿಲ್ಲ."

ಮೂವರೂ ಅಕ್ಕನ ಮುಖ ನೋಡಿದರು.

ಮೊನ್ನೆ ಮಾವ ಮೂರು ದಿನದ ರಜೆ ಕೇಳಿದ್ದರು. ಹೆಂಡತಿಯ ಕಣ್ಣಿನ ಆಪರೇಷನ್ ಇತ್ತು. ತಿಂಗಳು ಮುಗಿಯಲಿ, ಕೆಲಸ ತಲೆ ಮೇಲಿದೆ ಎಂದಿದ್ದಳು ಅಕ್ಕ. ನಿನ್ನೆ ನಾಲ್ಕಕ್ಕೇ ಅವರು ಡಾಕ್ಟರ ಹತ್ತಿರ ಹೋಗಬೇಕೆಂದು ಹೊರಟಾಗಲೂ ಅವಳು ಮುಖ ಸಿಂಡರಿಸಿದ್ದಳು. ಪ್ರೈಮರಿಗೆ ಮುಂಚೆ ತೊಟ್ಟಿ ಒರೆಸುವ ಅವರ ಪಾಲಿನ ಕೆಲಸಕ್ಕೆ ತಾನೇ ಕೈ ಹಾಕಿದ್ದಳು. ಹಳೆಯ ನೈಟಿಯ ತುಂಡಿಗೆ ತಿನ್ನರ್ ಹಾಕಿಕೊಂಡು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಐಸಮ್ಮನಿಗೆ 'ಹನ್ನೆರಡಕ್ಕೆ ಗ್ಯಾರಂಟಿ' ಎನ್ನುತ್ತಾ ಇಡೀ ತೊಟ್ಟಿ ಒರೆಸಿದ್ದಳು. ಇಷ್ಟೆಲ್ಲ ಮಾಡಿದ ಕೆಲಸವನ್ನು ಮುದುಕ ಹೀಗೆ ಮಾಡುವುದೇ?

ಅಷ್ಟರಲ್ಲಿ ಗೇಟಿನಲ್ಲಿ ಸೈಕಲ್ ಗಂಟೆ ಕೇಳಿತು.

* * *

ಮಾವ ಸೈಕಲ್ ಗೋಡೆಗೆ ಒರಗಿಸಿದರು. ಹೆಗಲಲ್ಲಿ ಎಂದಿನ ಖಾಕಿ ಬಟ್ಟೆಯ ಚೀಲ. ನಾಲ್ಕು ಜನ ನಿಂತಿರುವುದನ್ನು ನೋಡಿದರು. ಐಸಮ್ಮನನ್ನು ನೋಡಿದ ಮೇಲೆ ಅವರ ಹೆಜ್ಜೆ ನಿಧಾನವಾಯಿತು.

"ಬೆಳಿಗ್ಗೆ ಬಂದಿದ್ರಾ ಮಾವ?" ಎಂದಳು ಅಕ್ಕ.

"ಬಂದಿದ್ದೆ."

"ಇದು ನೋಡಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಕೈ ಚೀಲದ ಪಟ್ಟಿಯ ಮೇಲೆ ಹೋಯಿತು. ಅಕ್ಕನಿಗೆ ಅಷ್ಟು ಸಾಕಾಯಿತು.

"ಚೀಲ ಕೊಡಿ."

"ಪುಟ್ಟಿ, ಆಮೇಲೆ ಮಾತಾಡೋಣ. ಒಳಗೆ."

"ಇಲ್ಲೇ ಕೊಡಿ. ನಾಲ್ಕು ಜನರ ಮುಂದೇನೇ ಆಗಲಿ."

ಅವಳು ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು. ಊಟದ ಡಬ್ಬಿ ಉರುಳಿತು. ದಾರ ಕಟ್ಟಿದ ಕನ್ನಡಕ ಬಿತ್ತು. ಕಣ್ಣಿನ ಡಾಕ್ಟರ ಚೀಟಿ ಬಿತ್ತು. ಮರಳುಕಾಗದದ ಚೂರುಗಳು, ಒಂದು ತುಂಡು ಹಳದಿ ಮೇಣದ ಬಳಪ, ಒಂದು ಚಾಕು. ಕೊನೆಗೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದಳು. ಅಂಗೈ ಅಗಲದ ಕಪ್ಪು ಚೌಕ.

"ಅಯ್ಯೋ ಶಿವನೇ" ಎಂದರು ಐಸಮ್ಮ.

"ನೀವೇ ಕೊಯ್ದಿದ್ದಾ?"

"ಹೌದು. ನಾನೇ."

"ಯಾಕೆ?"

ಮಾವ ತಮ್ಮನ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲ ನೋಡಿದರು.

"ರಜೆ ಕೊಡ್ಲಿಲ್ಲ ಅಂತ ತಾನೇ? ಬಾಯಿ ಬಿಟ್ಟು ಬೈದಿದ್ರೆ ಬೈಸ್ಕೋತಿದ್ದೆ. ಉಂಡ ಮನೆಗೆ ಎರಡು ಬಗೆಯೋದಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವ ಬಿದ್ದ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು. ಚಾಕು ಮತ್ತು ಕಪ್ಪು ಚೌಕವನ್ನು ಅಲ್ಲೇ ಬಿಟ್ಟರು. ಜೇಬಿನಿಂದ ಕೀಲಿ ತೆಗೆದು ಅವುಗಳ ಪಕ್ಕ ಇಟ್ಟರು.

"ತಗೊಳ್ಳಿ ಮೇಡಂ" ಎಂದರು.

ಸೈಕಲ್ ತಳ್ಳಿಕೊಂಡೇ ಹೋದರು. ಹತ್ತಲಿಲ್ಲ.

* * *

ಐಸಮ್ಮ ಸಂಜೆ ಬರುತ್ತೇನೆಂದು ಹೋದರು. ಪ್ಲಾಸ್ಟಿಕ್ ಅಣ್ಣ ಈ ಸುದ್ದಿಯನ್ನು ಬೀದಿಯುದ್ದಕ್ಕೂ ಹಂಚಲು ಹೋದ. ತಮ್ಮ ತೇಪೆ ಹಾಕಲು ಗನ್ ಬಿಸಿಗಿಟ್ಟ.

"ಕಳ್ಳ ಸಿಕ್ಕಿದ. ಇನ್ನೇನು ನೋಡ್ತಿದ್ದೀಯ ಅಕ್ಕ?"

"ಟೇಪ್ ನೋಡ್ತಿದ್ದೀನಿ."

ಚೌಕದ ನಾಲ್ಕೂ ಅಂಚಿಗೆ ನೀಲಿ ಟೇಪಿನ ಸಣ್ಣ ಅಂಟು ಉಳಿದಿತ್ತು. ಅಕ್ಕ ಉಗುರಿನಿಂದ ಕೆರೆದು ನೋಡಿದಳು. ಕೊಯ್ಯುವ ಮುಂಚೆ ಸುತ್ತ ಟೇಪ್ ಹಚ್ಚಿದ್ದಾರೆ. ಚಾಕು ಜಾರಿ ಉಳಿದ ಜಾಗಕ್ಕೆ ಗೀರು ಬೀಳದಿರಲಿ ಎಂದು. ಅಂಚನ್ನು ಇಳಿಜಾರಾಗಿ ಕೊಯ್ದಿದ್ದಾರೆ, ಮತ್ತೆ ಸಿಡಿಸುವ ಲೇಪನ ಸರಿಯಾಗಿ ಹಿಡಿಯಲಿ ಎಂದು.

"ಸಿಟ್ಟಲ್ಲಿ ಹಾಳು ಮಾಡೋನು ಟೇಪ್ ಹಚ್ತಾನೇನೋ?"

ತಮ್ಮ ಗನ್ ಕೆಳಗಿಟ್ಟ.

"ಸಿಟ್ಟಿದ್ದೋನು ಅಡ್ಡಾದಿಡ್ಡಿ ಗೀಚ್ತಾನೆ. ಕಣ್ಣಿಗೆ ಬೀಳೋ ಜಾಗದಲ್ಲಿ, ಮಧ್ಯದಲ್ಲೇ ಗೀಚ್ತಾನೆ. ಇವ್ರು ಮೂಲೆ ಹುಡುಕಿ ಅಂಗೈಯಷ್ಟೇ ತೆಗೆದಿದ್ದಾರೆ. ಇದು ಹಾಳು ಮಾಡಿದ್ದಲ್ಲ. ಇದು ರಿಪೇರಿಯ ಮೊದಲರ್ಧ."

"ರಿಪೇರಿ ಮಾಡೋಕೆ ಅಲ್ಲಿ ಏನಿದೆ? ಪ್ರೈಮರ್ ನೆಟ್ಟಗಿದೆ."

ಅಕ್ಕ ಕುಡಿಯುವ ನೀರಿನ ಲೋಟ ತಂದಳು. ಚೌಕದ ಸುತ್ತ ಎತ್ತರದ ಕಪ್ಪು ಅಂಚಿತ್ತು, ಸಣ್ಣ ಹೊಂಡದ ಹಾಗೆ. ಅದರಲ್ಲಿ ಬೂದು ಪ್ರೈಮರಿನ ಮೇಲೆ ಅರ್ಧ ಲೋಟ ಸುರಿದಳು. ಸ್ಕ್ರೂಡ್ರೈವರಿನ ಹಿಡಿಯಿಂದ ನಡುವೆ ಎರಡು ಬಾರಿ ಕುಟ್ಟಿದಳು. ಪ್ರೈಮರಿನಲ್ಲಿ ಕೂದಲೆಳೆಯಂಥ ಗೆರೆ ಮೂಡಿತು.

ಇಬ್ಬರೂ ಕಾದರು. ನೀರು ಮೆಲ್ಲಗೆ ಇಳಿಯಿತು. ಗಾಡಿಯ ಅಡಿಯಲ್ಲಿ ಟಪ್ ಎಂದಿತು. ಮತ್ತೆ ಟಪ್.

ಅಕ್ಕ ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ಅಡಿಗೆ ತೆವಳಿದಳು. ತೊಟ್ಟಿಯ ನೆಲವನ್ನು ಹೊರುವ ಅಡ್ಡಪಟ್ಟಿಯ ಬೆಸುಗೆಯ ಪಕ್ಕದಲ್ಲಿ, ಕಿರುಬೆರಳುದ್ದದ ಬಿರುಕು. ಅದರ ಕಡೆಗೆ ಮುಖ ಮಾಡಿ ಹಳದಿ ಬಳಪದಲ್ಲಿ ಎಳೆದ ಒಂದು ಬಾಣ.

ಆ ಬಾಣ ಯಾರ ಕೈಯದೆಂದು ಅವಳಿಗೆ ಗೊತ್ತಿತ್ತು. ಅಪ್ಪ ಹಾಕಿಕೊಟ್ಟ ಕ್ರಮ ಅದು. ಉಜ್ಜುವವನಿಗೆ ಎಲ್ಲಿ ದೋಷ ಕಂಡರೂ ಅಡಿಯಲ್ಲೊಂದು ಬಾಣ ಹಾಕಬೇಕು, ಮೇಲೊಂದು ಹಳದಿ ಸುತ್ತು ಹಾಕಬೇಕು. ಸುತ್ತು ಇರುವ ತನಕ ಗನ್ ಮುಟ್ಟುವಂತಿಲ್ಲ. ದೋಷ ಸರಿಪಡಿಸಿದ ಮೇಲೆ ಸುತ್ತು ಹಾಕಿದವನೇ ಅದನ್ನು ಒರೆಸಬೇಕು. ಬೇರೆ ಯಾರೂ ಒರೆಸಕೂಡದು. ಬಾಯಲ್ಲಿ ಹೇಳಬೇಕಾಗಿಲ್ಲ. ಆ ಶೆಡ್ಡಿನಲ್ಲಿ ಸುತ್ತೇ ಮಾತು.

ಅಕ್ಕ ಹೊರಗೆ ಬಂದಾಗ ಬೆನ್ನೆಲ್ಲ ಮಣ್ಣಾಗಿತ್ತು.

* * *

"ಸುತ್ತು ಒರೆಸಿದ್ಯಾ?"

ತಮ್ಮ ಬೆಚ್ಚಿದ. "ಯಾವ ಸುತ್ತು?"

"ಸುಳ್ಳು ಹೇಳಬೇಡ. ಹೊತ್ತಾಗುತ್ತೆ ಅಂತ ಒರೆಸಿ, ಮೇಲೆ ಪ್ರೈಮರ್ ಹೊಡೆದೆ. ಮಾವ ನಿನ್ನ ಮುಖ ಯಾಕೆ ನೋಡಿದ್ರು ಗೊತ್ತಾಯ್ತು. ಅಪ್ಪನ ಮಗನ ಮರ್ಯಾದೆ ಉಳಿಸೋಕೆ ಬಾಯಿ ಮುಚ್ಕೊಂಡ್ರು!"

"ಅಕ್ಕಾ, ಅಪ್ಪನಾಣೆ. ನಾನು ಪ್ರೈಮರ್ ಹಿಡ್ಕೊಂಡು ಬಂದಾಗ ತೊಟ್ಟಿ ಫಳಫಳ ಅಂತಿತ್ತು. ಒಂದು ಚುಕ್ಕೆನೂ ಇರ್ಲಿಲ್ಲ. ಸುತ್ತು ಕಂಡೂ ಗನ್ ಹಿಡಿಯೋ ಅಂಥವನಾ ನಾನು?"

ಅವನ ಕಣ್ಣು ತುಂಬಿತ್ತು. ಒಂದೇ ಬೆಳಗಿನಲ್ಲಿ ಎರಡನೆಯವನನ್ನು ಕಟಕಟೆಗೆ ನಿಲ್ಲಿಸಿದ್ದಳು ಅಕ್ಕ.

ಗೇಟಿನಲ್ಲಿ ಒಂದು ಬೈಕ್ ನಿಂತಿತು. ಹಿಂದೆ ವೆಲ್ಡಿಂಗ್ ಪೆಟ್ಟಿಗೆ ಕಟ್ಟಿತ್ತು. ಮುಂದಿನ ಬೀದಿಯ ವೆಲ್ಡರ್ ಇಳಿದ.

"ಎಲ್ಲಕ್ಕಾ ಬಿರುಕು? ಪೇಪರ್ ಮಾವ ಬೆಳಿಗ್ಗೆ ಏಳಕ್ಕೇ ಬಂದಿದ್ರಂತೆ. ನಾನು ಬೇರೆ ಕಡೆ ಹೋಗಿದ್ದೆ. ಒಂದು ಗಂಟೆ ಕಾದು ಹೋದ್ರಂತೆ. ಈಗ ಮತ್ತೆ ಬಂದು ಕೂತಿದ್ದಾರೆ, ಯಾಕೋ ಸಪ್ಪಗಿದ್ದಾರೆ. ಗಿರಾಕಿ ಬರೋ ಮುಂಚೆ ಮುಗಿಸು, ಕೂಲಿ ನಾನೇ ಕೊಡ್ತೀನಿ ಅಂದ್ರು."

"ಈಗಲೂ ನಿಮ್ಮಲ್ಲೇ ಇದ್ದಾರಾ?"

"ನಮ್ಮ ಬೆಂಚ್ ಮೇಲೆ."

ಮನೆಗೆ ಕಳಿಸಿದ ಮುದುಕ ಮನೆಗೆ ಹೋಗಿರಲಿಲ್ಲ. ಶೆಡ್ಡಿನ ಕೆಲಸ ಮುಗಿಸಲು ಹೋಗಿದ್ದರು.

ಅಕ್ಕ ಮೂಲೆಗೆ ನಡೆದಳು. ಅಲ್ಲಿ ಮುಚ್ಚಳದ ಕಬ್ಬಿಣದ ಡಬ್ಬಿ ಇತ್ತು. ತಿನ್ನರ್ ಹತ್ತಿದ ಬಟ್ಟೆಗಳು ಬೆಂಕಿಗೆ ನೆಂಟರಾದ್ದರಿಂದ ಅದರಲ್ಲೇ ಹಾಕಬೇಕು. ವಾರಕ್ಕೊಮ್ಮೆ ಖಾಲಿ ಮಾಡುತ್ತಾರೆ. ಅವಳು ಒಂದೊಂದೇ ಬಟ್ಟೆ ತೆಗೆದು ನೆಲದ ಮೇಲೆ ಹರವಿದಳು. ತಮ್ಮ ಬಳಸುವುದು ಅಂಗಡಿಯ ಬಿಳಿ ಹತ್ತಿ. ಹತ್ತು ತುಂಡುಗಳು ಸಿಕ್ಕವು. ಯಾವುದರಲ್ಲೂ ಹಳದಿ ಇರಲಿಲ್ಲ.

ಅವುಗಳಡಿಯಲ್ಲಿ ಇನ್ನೊಂದು ಬಟ್ಟೆ ಇತ್ತು. ನೀಲಿ ಹೂವಿನದು. ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಸಿದ್ದು. ಅಕ್ಕ ಬಿಚ್ಚಿದಳು. ಮಡಿಕೆಯ ಮೇಲ್ಮುಖದಲ್ಲಿ ಹಳದಿ ಮೇಣ ಬಳಿದುಕೊಂಡಿತ್ತು. ಅರ್ಧಚಂದ್ರದ ಹಾಗೆ.

ಆ ನೀಲಿ ಹೂವಿನ ನೈಟಿಯನ್ನು ಅವಳು ಆರು ವರ್ಷ ಹಾಕಿಕೊಂಡಿದ್ದಳು.

ತಮ್ಮ ಹಿಂದೆ ಬಂದು ನಿಂತಿದ್ದ. ಬಟ್ಟೆ ನೋಡಿದ. ಅಕ್ಕನ ಮುಖ ನೋಡಿದ. ಏನೂ ಕೇಳಲಿಲ್ಲ. ಅವನು ಕೇಳಿದ್ದರೆ ಚೆನ್ನಾಗಿತ್ತು.

* * *

ನಾಲ್ಕು ಜನರ ಮುಂದೆ ಆಡಿದ ಮಾತನ್ನು ಒಬ್ಬರ ಕಿವಿಯಲ್ಲಿ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಅಕ್ಕನಿಗೆ ಅಷ್ಟು ಲೋಕಜ್ಞಾನ ಇತ್ತು. ಐಸಮ್ಮನಿಗೆ ತಾನೇ ಫೋನ್ ಮಾಡಿದಳು. ಪ್ಲಾಸ್ಟಿಕ್ ಅಣ್ಣನನ್ನು ತಾನೇ ಹೋಗಿ ಕರೆದಳು. ಮಾವನನ್ನು ಕರೆತರಲು ತಮ್ಮನನ್ನು ಕಳಿಸಿದಳು. ಹನ್ನೆರಡಕ್ಕೆ ಎಲ್ಲರೂ ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತರು. ಮಾವ ಮಾತ್ರ ಶಟರಿನ ಹೊರಗೆ ಉಳಿದರು.

"ಒಳಗೆ ಬನ್ನಿ ಮಾವ."

"ಇಲ್ಲೇ ಕೇಳಿಸುತ್ತೆ."

ಅಕ್ಕ ನೀಲಿ ಬಟ್ಟೆಯನ್ನು ಕೌಂಟರಿನ ಮೇಲೆ ಹರವಿದಳು.

"ಐಸಮ್ಮ, ನಿಮ್ಮ ಗಾಡಿ ನೆಲ ಬಿರುಕು ಬಿಟ್ಟಿದೆ. ನಾವು ಮಾಡಿದ್ದಲ್ಲ, ಬರುವಾಗಲೇ ಇತ್ತು. ಮಾವ ನಿನ್ನೆ ಉಜ್ಜುವಾಗ ಹಿಡಿದ್ರು. ಅಡಿಯಲ್ಲಿ ಬಾಣ ಹಾಕಿದ್ರು, ಮೇಲೆ ಸುತ್ತು ಹಾಕಿದ್ರು. ವೆಲ್ಡಿಂಗ್ ಆಗೋ ತನಕ ಯಾರೂ ಸ್ಪ್ರೇ ಮಾಡಲ್ಲ ಅನ್ನೋ ನಂಬಿಕೆ ಮೇಲೆ ಡಾಕ್ಟರ ಹತ್ತಿರ ಹೋದ್ರು. ಬೆಳಿಗ್ಗೆ ಬಂದು ನೋಡಿದ್ರೆ ಸುತ್ತಿನ ಮೇಲೇ ಲೇಪನ. ನೀವು ಬರೋದ್ರೊಳಗೆ ಸರಿ ಮಾಡಿ ಮುಚ್ಚಿಬಿಡೋಣ ಅಂತ ಅಷ್ಟೇ ಜಾಗ ಕೊಯ್ದು ವೆಲ್ಡರ್ ಮನೆಗೆ ಓಡಿದ್ರು. ಅವ್ನು ಸಿಗ್ಲಿಲ್ಲ. ವಾಪಸ್ ಬಂದ್ರೆ ನೀವೇ ನಿಂತಿದ್ರಿ. ನಿಜ ಹೇಳಿದ್ರೆ ಗಿರಾಕಿ ಮುಂದೆ ಅಂಗಡಿ ಹೆಸರು ಹೋಗುತ್ತೆ. ಅದಕ್ಕೆ ಕಳ್ಳತನ ತಾವೇ ಹೊತ್ಕೊಂಡ್ರು."

"ಹಾಗಾದ್ರೆ ಸುತ್ತು ಒರೆಸಿದ್ದು ಯಾರು?" ಎಂದ ಪ್ಲಾಸ್ಟಿಕ್ ಅಣ್ಣ, ತಮ್ಮನನ್ನೇ ನೋಡುತ್ತಾ.

"ತಮ್ಮ ಬಳಸೋದು ಬಿಳಿ ಬಟ್ಟೆ. ಇದು ನನ್ನ ನೈಟಿ. ಹೀಗೆ ನಾಲ್ಕಾಗಿ ಮಡಿಸೋದೂ ನಾನೊಬ್ಬಳೇ. ಒಂದು ಕಿವಿಯಲ್ಲಿ ಫೋನ್ ಇಟ್ಕೊಂಡು, ಹನ್ನೆರಡಕ್ಕೆ ಗ್ಯಾರಂಟಿ ಅಂತ ಇವರಿಗೆ ಹೇಳ್ತಾ, ಕೈ ಏನು ಒರೆಸ್ತಿದೆ ಅಂತ ನೋಡ್ಲಿಲ್ಲ. ಅಪ್ಪ ಹಾಕಿದ ಕ್ರಮ ಅಪ್ಪನ ಮಗಳೇ ಮುರಿದಿದ್ದು. ಆಮೇಲೆ ಮಾವನ ಚೀಲ ಸುರಿದಿದ್ದೂ ನಾನೇ."

ಪ್ಲಾಸ್ಟಿಕ್ ಅಣ್ಣನ ಮೀಸೆಯಡಿ ನಗು ಇರಲಿಲ್ಲ. ಅದಿದ್ದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

ಐಸಮ್ಮ ತೊಟ್ಟಿಯ ಹತ್ತಿರ ಹೋಗಿ ಬಿರುಕಿನ ಜಾಗದ ಮೇಲೆ ಕೈ ಇಟ್ಟರು.

"ನಮ್ಮೆಜಮಾನ್ರು ಗಡ್ಡೆ ಹಿಡ್ಕೊಂಡು ಕೂತು ಬರೋದು ಇಲ್ಲೇ. ಈ ಉಬ್ಬಿಗೆ ಒರಗಿ." ಅವರು ತಿರುಗಿದರು. "ಹಾಸು ಹಾಕಿಸಿದ್ರೆ ಹೊರಗೆ ಥಳುಕು ಒಳಗೆ ಹುಳುಕು ಅಂತ ಅಂದಿದ್ದು ನಿಮ್ಮ ತಮ್ಮ ತಾನೇ?"

ತಮ್ಮ ತಲೆ ತಗ್ಗಿಸಿದ. ಅಕ್ಕ ಅದಕ್ಕೂ ಮುಂಚೆಯೇ ತಗ್ಗಿಸಿದ್ದಳು.

"ಎಷ್ಟು ದಿನ ಬೇಕು?"

"ಎರಡು."

"ಮೂರು ತಗೊಳ್ಳಿ. ಉಜ್ಜೋದು ಅವರೇ ಆಗ್ಬೇಕು" ಎಂದು ಐಸಮ್ಮ ಶಟರಿನ ಹೊರಗೆ ಕೈ ತೋರಿಸಿದರು. "ಬೇರೆಯವರು ಮುಟ್ಟಿದ್ರೆ ಗಾಡಿ ತಗೊಂಡ್ಹೋಗ್ತೀನಿ."

ಅಕ್ಕ ಶಟರಿನ ಹೊರಗೆ ಬಂದಳು. ಕೈಯಲ್ಲಿ ಕೀಲಿ ಇತ್ತು. ಅದನ್ನು ಮಾವನ ಮುಂದೆ ಚಾಚಿದಳು.

"ತಪ್ಪಾಯ್ತು ಮಾವ."

ಮಾವ ಕೀಲಿ ತೆಗೆದುಕೊಂಡರು. "ಮೊದಲು ಆ ನೀರು ಒರೆಸು ಪುಟ್ಟಿ. ಹಸಿ ತಗಡಿಗೆ ವೆಲ್ಡಿಂಗ್ ಹಿಡಿಯಲ್ಲ."

ಅವಳು ಒರೆಸಿದಳು. ಈ ಸಲ ಕೈಯನ್ನು ನೋಡುತ್ತಾ ಒರೆಸಿದಳು.

* * *

ವೆಲ್ಡರ್ ಬಿರುಕು ಬೆಸೆದ. ಮಾವ ಉಜ್ಜಿದರು, ಸುತ್ತನ್ನು ಹೊಸದಾಗಿ ಹಾಕಿ ತಾವೇ ಒರೆಸಿದರು. ತಮ್ಮ ಸಿಡಿಸಿದ. ತೇಪೆ ಎಲ್ಲಿದೆ ಎಂದು ಪ್ಲಾಸ್ಟಿಕ್ ಅಣ್ಣ ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗಲಿಲ್ಲ. ಮಾವನ ಹೆಂಡತಿಯ ಕಣ್ಣು ಆ ವಾರವೇ ಆಪರೇಷನ್ ಆಯಿತು. ರಜೆ ಮೂರು ದಿನವಲ್ಲ, ಹತ್ತು ದಿನ. ಐಸಮ್ಮ ಆಮೇಲೆ ಭಾವನ ಗಾಡಿಯನ್ನೂ ಇಲ್ಲಿಗೇ ಕಳಿಸಿದರು.

ಮಾವ ಈಗಲೂ ಏಳೂವರೆಗೆ ಬರುತ್ತಾರೆ. ಪುಟ್ಟಿ ಎಂದೇ ಕರೆಯುತ್ತಾರೆ. ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದು ತರುತ್ತಾರೆ. ಕನ್ನಡಕ ಅಂಗಿಯ ಜೇಬಿನಲ್ಲಿ, ಹಳದಿ ಬಳಪ ಕಿವಿಯ ಹಿಂದೆ. ಮಳೆ ಬಂದ ದಿನ ಡಬ್ಬಿಯ ಮುಚ್ಚಳದಿಂದ ನೀರು ಒಳಗಿಳಿಯುವುದನ್ನು ನೋಡಿ ಅಕ್ಕ ಒಂದು ಹೊಸ ಚೀಲ ತಂದುಕೊಟ್ಟಳು. ಚೆನ್ನಾಗಿದೆ ಎಂದರು. ಮನೆಗೆ ಒಯ್ದರು.

ಸಿಕ್ಕಿದ್ದು ಎರಡು ಗಾಡಿಗಳ ಕೆಲಸ. ಹೋದದ್ದು ಒಂದು ಚೀಲ. ಆಮೇಲೆ ಮಾವ ಶೆಡ್ಡಿಗೆ ಯಾವ ಚೀಲವನ್ನೂ ತರಲಿಲ್ಲ.